ಎರಡನೇ ದೀಪ ಹಚ್ಚಿದ ಮೇಲೆ ತಣ್ಣಗಾದ ಪೆಟ್ಟಿಗೆ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ನಾನು ಚಿಕ್ಕವಳಿದ್ದಾಗ ಕಂಡ ಅತಿ ಕೆಟ್ಟ ದಿನ ಶುರುವಾದದ್ದು ಆ ಹೊತ್ತಿಗೆ. ಅಪ್ಪ ಸ್ಟೂಲಿನಿಂದ ಇಳಿದು, "ಈಗ ಎಲ್ಡು ದೀಪ ಉರೀತಾವೆ. ಮಗೀಗೆ ಎಲ್ಡರಷ್ಟು ಕಾವು," ಎಂದು ಕೈ ಒರೆಸಿಕೊಂಡು ಕೆಲಸಕ್ಕೆ ಹೊರಟರು. ನಮ್ಮ ಮನೆ ಶಿವನಸಮುದ್ರದಲ್ಲಿ, ಪವರ್‌ಹೌಸಿನ ಮೇಲಿನ ಗುಡ್ಡದಲ್ಲಿತ್ತು. ಅಪ್ಪನಿಗೆ ಅಲ್ಲಿ ಯಂತ್ರಗಳಿಗೆ ಎಣ್ಣೆ ಹಾಕುವ ಕೆಲಸ. ಟ್ರಾಲಿಯಲ್ಲಿ ಕೆಳಗಿಳಿದರೆ ಸಂಜೆಯವರೆಗೂ ಮೇಲೆ ಬರುವಂತಿರಲಿಲ್ಲ.

ಪೆಟ್ಟಿಗೆಯೊಳಗೆ ಮಲಗಿದ್ದವನು ನನ್ನ ತಮ್ಮ. ಎಂಟು ತಿಂಗಳಿಗೇ ಹುಟ್ಟಿದ್ದ. ಹುಟ್ಟಿ ನಾಲ್ಕು ದಿನವಾಗಿತ್ತು. ಮೈಮೇಲೆ ಮಾಂಸವೇ ಇಲ್ಲದ ಕೂಸಿಗೆ ತನ್ನ ಬಿಸಿಯನ್ನು ತಾನೇ ಉಳಿಸಿಕೊಳ್ಳಲು ಆಗುತ್ತಿರಲಿಲ್ಲ. ಬಾಣಂತಿ ಕೋಣೆಯಲ್ಲಿ ಕೆಂಡ ಇಡುವುದು ನಮ್ಮ ವಾಡಿಕೆ. ಆದರೆ ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳೇ ಇದ್ದಿಲಿನಲ್ಲಿ ಓಡುತ್ತಿದ್ದವು. ನಮಗೆ ಸಿಕ್ಕಿದ್ದು ಹಸಿ ಇದ್ದಿಲು, ಬರೀ ಹೊಗೆ. ಆ ಹೊಗೆಗೆ ಮಗು ಒಮ್ಮೆ ಉಸಿರು ಕಟ್ಟಿ ನೀಲಿಯಾಯಿತು. ಆಮೇಲೆ ಅಪ್ಪ ಒಂದು ಮರದ ಪೆಟ್ಟಿಗೆಗೆ ಹತ್ತಿ ಹಾಸಿ, ತಗಡಿನ ಅಡ್ಡ ಇಟ್ಟು, ಅದರಾಚೆಗೆ ದೊಡ್ಡ ಬಲ್ಬು ಕಟ್ಟಿದರು. ಮೂರು ದಿನ ಅದೇ ಅವನನ್ನು ಉಳಿಸಿತ್ತು. ನಾಲ್ಕನೆಯ ದಿನ ಗಾಳಿ ತೀರ ತಣ್ಣಗಾಗಿ, ಜಲಪಾತದ ಹನಿ ಮಂಜಿನೊಡನೆ ಕಿಟಕಿಗೆ ಬಡಿಯತೊಡಗಿತು. ಅದಕ್ಕೇ ಅಪ್ಪ ಎರಡನೆಯ ಬಲ್ಬು ಹಾಕಿದ್ದು.

ಮಗುವಿನ ಪಾದ ಹಿಡಿದು ನೋಡುವುದು ನನ್ನ ಕೆಲಸ. ನನ್ನ ಹೆಬ್ಬೆರಳಿನಷ್ಟೇ ಇತ್ತು ಆ ಪಾದ. ಹನ್ನೊಂದಕ್ಕೆ ಅದು ತಣ್ಣಗಾಯಿತು. ಹನ್ನೊಂದೂವರೆಗೆ ಬಾವಿಯ ಕಲ್ಲು ಮುಟ್ಟಿದಂತಾಯಿತು. ಅಮ್ಮ ಜ್ವರದಲ್ಲಿ ಕಣ್ಣು ಬಿಡುತ್ತಿರಲಿಲ್ಲ. ಮಗು ಅಳುವುದನ್ನೂ ನಿಲ್ಲಿಸಿತು.

ಅಕ್ಕ ಮಳವಳ್ಳಿಯಲ್ಲಿ ನೆಂಟರ ಮನೆಯಲ್ಲಿದ್ದು ಹೈಸ್ಕೂಲು ಓದುತ್ತಿದ್ದಳು, ರಜಕ್ಕೆ ಬಂದಿದ್ದಳು. ಅವಳು ಬಲ್ಬುಗಳನ್ನೇ ದಿಟ್ಟಿಸಿ, "ಅಜ್ಜಿ, ಎರಡೂ ಕೆಂಪಗೆ ಮಂಕಾಗಿವೆ. ಎರಡು ಹಾಕಿದ ಮೇಲೇ ಬಿಸಿ ಕಮ್ಮಿಯಾಗಿದೆ," ಎಂದಳು.

"ಒಂದ್ ದೀಪ್ದಲ್ಲಿ ಬೆಚ್ಗಿದ್ದುದ್ದು ಎಲ್ಡ್ ದೀಪ್ದಲ್ಲಿ ತಣ್ಗಾದದಾ? ನಿನ್ ಇಸ್ಕೂಲ್ ಲೆಕ್ಕವ ತಕ್ಕೊಂಡೋಗಿ ಒಲೆಗಾಕು!" ಎಂದು ಅಜ್ಜಿ ಗದರಿದಳು. ಅಕ್ಕ ಕೇಳದೆ ಒಂದು ಬಲ್ಬನ್ನು ತಿರುವಿ ತೆಗೆದಳು. ಇನ್ನೊಂದೂ ಆರಿಹೋಯಿತು. "ಅಯ್ಯೋ, ಮಗೀನ್ ಕೊಂದ್ಬುಟ್ಟಲ್ಲೇ!" ಎಂದು ಅಜ್ಜಿ ಎದೆ ಬಡಿದುಕೊಂಡಳು. ಅಕ್ಕ ಬಲ್ಬನ್ನು ಮತ್ತೆ ಸಿಕ್ಕಿಸಿ, ಹೊರಗೆ ಓಡಿದಳು.

ಪಕ್ಕದ ಮನೆಯಲ್ಲಿ ವೈರಿಂಗ್ ಮೇಸ್ತ್ರಿ ಇದ್ದರು. ರಾತ್ರಿ ಪಾಳಿ ಮುಗಿಸಿ ಮಲಗಿದ್ದವರನ್ನು ಅಕ್ಕ ಎಬ್ಬಿಸಿ ತಂದಳು. ತಂತಿ ನೋಡಿದ್ದೇ ಅವರು, "ಇದೇನಮ್ಮಿ, ಗಣಪತಿ ಮಂಟಪಕ್ ಸೀರಿಯಲ್ ಸೆಟ್ ಕಟ್ದಂಗ್ ಕಟ್ಟವ್ನೆ ನಿಮ್ಮಪ್ಪ!" ಎಂದರು. ನಿಜ. ಪ್ರತಿ ವರ್ಷ ಗಣಪತಿಗೆ ಪುಟ್ಟ ಬಲ್ಬುಗಳನ್ನು ಹೂವಿನಂತೆ ಒಂದೇ ತಂತಿಯಲ್ಲಿ ಪೋಣಿಸುತ್ತಿದ್ದವರು ಅಪ್ಪ. ಅವರಿಗೆ ಗೊತ್ತಿದ್ದದ್ದು ಅದೊಂದೇ ದಾರಿ.

ಮೇಸ್ತ್ರಿ ಕರೆಂಟು ಅಳೆಯುವ ಆಮೀಟರನ್ನು ತಂತಿಗೆ ಸೇರಿಸಿದರು. ಮುಳ್ಳು ಸೊನ್ನೆ ಬಿಂದು ಮೂರು ಐದು ಆಂಪಿಯರಿನಲ್ಲಿ ನಿಂತಿತು. ಒಂದೇ ಬಲ್ಬನ್ನು ನೇರವಾಗಿ ತಂತಿಗೆ ಕಟ್ಟಿ ನೋಡಿದರೆ ಅರ್ಧ ಆಂಪಿಯರು. ಅಕ್ಕ ಸೀಮೆಸುಣ್ಣದಿಂದ ನೆಲದ ಮೇಲೆ ಬರೆದಳು. ಮನೆಗೆ ಬರುತ್ತಿದ್ದದ್ದು ಇನ್ನೂರಿಪ್ಪತ್ತು ವೋಲ್ಟು. ಅದನ್ನು ಕರೆಂಟಿನಿಂದ ಭಾಗಿಸಿದರೆ ತಡೆ, ಗುಣಿಸಿದರೆ ಶಕ್ತಿ. ಒಂದು ಬಲ್ಬಿನ ತಡೆ ನಾನೂರ ನಲವತ್ತು ಓಮ್, ಶಕ್ತಿ ನೂರ ಹತ್ತು ವಾಟ್. ಪೋಣಿಸಿದ ಎರಡರದ್ದು ಸೇರಿ ತಡೆ ಆರುನೂರು ದಾಟಿತ್ತು; ಮಂಕಾಗಿ ಉರಿಯುವ ಬಲ್ಬಿನ ತಡೆ ಕಮ್ಮಿಯಾದ್ದರಿಂದ ಪೂರಾ ಎರಡರಷ್ಟಾಗಿರಲಿಲ್ಲ. ಶಕ್ತಿ ಬರೀ ಎಪ್ಪತ್ತೇಳು.

"ನೋಡಜ್ಜಿ, ದೀಪ ಹೆಚ್ಚಾದವು, ಕರೆಂಟಿಗೆ ಅಡ್ಡಿಯೂ ಹೆಚ್ಚಾಯಿತು. ಎರಡಕ್ಕೂ ಬೇರೆ ಬೇರೆ ದಾರಿ ಕೊಟ್ಟರೆ ಇನ್ನೂರಿಪ್ಪತ್ತು ವಾಟ್ ಬರುತ್ತೆ!"

ಅಜ್ಜಿ ಆ ಅಂಕಿಗಳನ್ನು ನೋಡಲಿಲ್ಲ, ಮಗುವಿನ ಬಾಯನ್ನು ನೋಡುತ್ತಿದ್ದಳು. "ಏನಾರ ಮಾಡವ್ವ, ಬಿರ್ನೆ ಮಾಡು," ಎಂದಳು.

ತಂತಿ ಬದಲಿಸಲು ದೀಪ ಆರಿಸಲೇಬೇಕಿತ್ತು. ಆ ಐದು ನಿಮಿಷ ಅಜ್ಜಿ ರವಿಕೆ ಸಡಿಲಿಸಿ ಕೂಸನ್ನು ಎದೆಗೆ ಒತ್ತಿಕೊಂಡಳು. ನಾನು ಪಾದ ಬಿಡಲಿಲ್ಲ. ಈಗಲೂ ಕೆಲವು ದಿನ ಬಟ್ಟೆ ಮಡಿಸುತ್ತಾ ಕುಳಿತಾಗ ಆ ಐದು ನಿಮಿಷ ಮತ್ತೆ ಶುರುವಾಗುತ್ತದೆ; ಬೆರಳು ತಾನಾಗಿ ಮಡಚಿಕೊಳ್ಳುತ್ತದೆ.

ದೀಪಗಳು ಬೆಳ್ಳಗೆ ಹೊತ್ತಿಕೊಂಡವು. ಸುಟ್ಟ ಧೂಳಿನ ವಾಸನೆ ಬಂತು. ಒಂದು ಗಂಟೆಗೆ ಪಾದ ಇನ್ನೂ ತಣ್ಣಗಿತ್ತು. ಒಂದೂವರೆಗೆ ತಣ್ಣಗಿದೆಯೋ ಇಲ್ಲವೋ ತಿಳಿಯಲಿಲ್ಲ. ಎರಡಕ್ಕೆ ಅವನು ನನ್ನ ಬೆರಳನ್ನು ಒದ್ದ.

ಸಂಜೆ ಎಲ್ಲ ಕೇಳಿದ ಅಪ್ಪ ನೆಲದ ಲೆಕ್ಕದ ಮುಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕುಳಿತರು. "ನಂಗೂ ಒಸಿ ಹೇಳ್ಕೊಡವ್ವ," ಎಂದು ಅಕ್ಕನನ್ನು ಕೇಳಿದರು. ಮುಂದೆ ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದ್ದಕ್ಕೆ ಬೇರೆ ಕಾರಣವಿಲ್ಲ.

ಮಕ್ಕಳೇ, ನಿಮ್ಮ ತಂಗಿ ಅವಸರವಾಗಿ ಹುಟ್ಟಿದಾಗ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದಳಲ್ಲ? ಬಿಸಿ ಕಮ್ಮಿಯಾದರೆ ಅದೇ ಕೂಗಿ ಹೇಳುತ್ತಿತ್ತು. ನಮ್ಮ ಪೆಟ್ಟಿಗೆಗೆ ಬಾಯಿರಲಿಲ್ಲ. ಒಬ್ಬರು ಬಿಸಿ ಏರಿಳಿದಂತೆ ಪೆಟ್ಟಿಗೆಯ ಮುಚ್ಚಳ ಸರಿಸುತ್ತಾ, ಒಬ್ಬರು ಪಾದ ಹಿಡಿದು, ಪಾಳಿಯಲ್ಲಿ ಎಚ್ಚರವಿದ್ದೆವು. ಹಾಗೆ ಹನ್ನೊಂದು ದಿನ ಕಳೆದವು. ಹನ್ನೆರಡನೆಯ ದಿನ ಬೆಳಿಗ್ಗೆ ತಮ್ಮ ಹಸಿವಿಗೆ ಕಿಟಾರನೆ ಕಿರುಚಿದಾಗ ನಾನು ಎದ್ದು ನೋಡಿದೆ; ಪಾದ ಬೆಚ್ಚಗಿತ್ತು. ಪಾಳಿಯಲ್ಲಿದ್ದ ಅಪ್ಪ ಪೆಟ್ಟಿಗೆಗೆ ಒರಗಿ ಗೊರಕೆ ಹೊಡೆಯುತ್ತಿದ್ದರು. ಆ ರಾತ್ರಿ ನಾವು ಯಾರೂ ಎದ್ದಿರಲೇ ಇಲ್ಲ.