ಪುಟಕ್ಕೊಮ್ಮೆ ಏಳುತ್ತಿದ್ದ ಕೊಟ್ರಪ್ಪ

ಬರೆಯಲು ಕೂತು ಅರ್ಧ ಪುಟವೂ ಆಗಿರಲಿಲ್ಲ, ಬೆರಳು ಮಡಚಿ ನೆಟಿಗೆ ತೆಗೆದೆ. ಲಟಕ್ ಅಂದಿತು. ಮನೆಯಲ್ಲಿ ಯಾರೂ ತಲೆ ಎತ್ತಲಿಲ್ಲ, ನಾನೊಬ್ಬನೇ ಬೆಚ್ಚಿದೆ. ಯಾಕೆ ಅಂತ ಹೇಳುತ್ತೇನೆ, ಕೂತುಕೊಳ್ಳಿ.

ತೊಂಬತ್ತರ ದಶಕದಲ್ಲಿ ಹರಪನಹಳ್ಳಿಯ ನೋಂದಣಿ ಕಚೇರಿಯ ಹೊರಗೆ, ಬೇವಿನ ಮರದ ಹತ್ತಿರ, ನಾವಿಬ್ಬರು ಪತ್ರ ಬರಹಗಾರರು ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು. ಹೊಲ, ಮನೆ ಮಾರುವವರ ಪತ್ರಗಳನ್ನು ಕೈಯಲ್ಲೇ ಬರೆಯುವ ಕಾಲ. ಕೀಟಲೆಯಲ್ಲಿ ತಾಲೂಕಿಗೇ ನಾನು ಮೊದಲಿಗ, ಬರೆಯುವ ವೇಗದಲ್ಲೂ ಅಷ್ಟೇ. ಅಕ್ಷರದಲ್ಲಿ ಮಾತ್ರ, ತೆಲಿಗಿಯಿಂದ ಬಸ್ಸಿಗೆ ಬರುತ್ತಿದ್ದ ಕೊಟ್ರಪ್ಪ ನನಗಿಂತ ಕೂದಲೆಳೆಯಷ್ಟು ಮೇಲು.

ಅವನದೊಂದು ಪದ್ಧತಿ. ಪುಟ ಮುಗಿದರೆ ಪೆನ್ನಿಗೆ ಮುಚ್ಚಳ ಹಾಕಿ ಏಳುವುದು, ಮೈ ಮುರಿಯುವುದು, ಬೆರಳು ಒಂದೊಂದೇ ಹಿಂದಕ್ಕೆ ಬಾಗಿಸುವುದು, ಬೇವಿನ ಮರ ಸುತ್ತಿ ಬಂದು ಬರೆದದ್ದನ್ನು ಗಟ್ಟಿಯಾಗಿ ಓದುವುದು. ನಾನು ಬಿಡುತ್ತೇನೆಯೇ?

"ಕೊಟ್ರಪ್ಪಾ, ಪತ್ರ ಬರಿಯಾಕ ಬಂದೀಯೋ, ಕುಸ್ತಿಗಿ ಬಂದೀಯೋ?"

"ಕೈ ಹಿಡಕಂತೈತಲೇ. ಎದ್ದು ಬಂದ್ರ ಮುಂದಿನ ಪುಟಕ್ಕ ಹೊಸಾ ಕೈ ಸಿಕ್ಕಂಗ ಆಕ್ಕೈತಿ."

"ಹಂಗಾರ ಹಳೀ ಕೈ ಎಲ್ಲಿ ಒಗದು ಬರ್ತೀ?"

ಜನ ನಕ್ಕರು. ನಗುವುದರ ಜೊತೆಗೆ ನನ್ನ ಕಡೆ ಸರಿದರು ಕೂಡ. "ಇವ ಅಡ್ಡಾಡಿ ಬರೋದ್ರಾಗ ನಮ್ಮ ಬಸ್ಸು ಹೋಕ್ಕೈತಿ," ಎಂದು ಹಲವಾಗಲಿನ ಮುದುಕನೊಬ್ಬ ಕಾಗದ ಎತ್ತಿ ನನ್ನ ಮುಂದಿಟ್ಟ. ಕೊಟ್ರಪ್ಪನಿಗೆ ಆ ಕೈ ಬಿಟ್ಟರೆ ಬೇರೆ ದುಡಿಮೆ ಇರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಸಾಲು ರಜೆಯ ಹಿಂದಿನ ದಿನ, ಜಾತ್ರೆಯಂಥ ಗದ್ದಲ. ಕಾಗದ ಹೊಲಿಯುವ ದಾರದಿಂದ ಅವನ ಧೋತರದ ಚುಂಗನ್ನು ಬೆಂಚಿಗೆ ಕಟ್ಟಿದೆ. ಪುಟ ಮುಗಿಸಿ ಎದ್ದವನು ಜಗ್ಗಿದಂತಾಗಿ ಧಪ್ಪನೆ ಕೂತ. ಧೋತರ ಅರ್ಧ ಬಿಚ್ಚಿತ್ತು. ಹೆಂಗಸರೂ ನಕ್ಕರು. ದಾರ ಬಿಚ್ಚಿ ನನ್ನ ಮುಂದೆ ಇಟ್ಟು ಹೇಳಿದ: "ಆತು ಬಿಡು. ಇವತ್ತು ಏಳಂಗಿಲ್ಲ."

ಸಂಜೆವರೆಗೂ ಏಳಲಿಲ್ಲ. ಊಟಕ್ಕೂ ಇಲ್ಲ. ಕೊನೆಯ ಪತ್ರದ ಹೊತ್ತಿಗೆ ಎಡಗೈಯಿಂದ ಬಲಗೈ ಒತ್ತಿ ಹಿಡಿದು ಬರೆಯುತ್ತಿದ್ದ.

ರಜೆ ಮುಗಿದು ಬಂದಾಗ ಪೆನ್ನು ಹಿಡಿದ ತಕ್ಷಣ ಅವನ ಬೆರಳು ಸೊಟ್ಟಗೆ ತಿರುಚಿಕೊಂಡವು. ನಾನು ಚಪ್ಪಾಳೆ ಹೊಡೆದೆ. "ಭೇಷ್, ನನ್ನ ಶಿಷ್ಯ ಆದೆಲ್ಲೋ! ಏನ್ ನಾಟಕ!" ಅವನು ನಗಲಿಲ್ಲ. ಪೆನ್ನು ಬೆಂಚಿನ ಕೆಳಗೆ ಬಿತ್ತು. ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ದಾವಣಗೆರೆಯ ಡಾಕ್ಟರು ಮೂಳೆಯಲ್ಲಿ ಏನೂ ಇಲ್ಲ, ವರ್ಷಗಟ್ಟಲೆ ದುಡಿದ ಕೈ, ಬರೆಯುವುದಕ್ಕೆ ಮಾತ್ರ ಒಲ್ಲೆ ಅನ್ನುತ್ತದೆ ಎಂದರಂತೆ. ವರ್ಷಗಟ್ಟಲೆ ಅಂದದ್ದು ಕೇಳಿ ನಾನು ಎಷ್ಟು ಹಗುರಾದೆ ಗೊತ್ತೇ? ಆದರೆ ಆ ಒಂದು ದಿನ ನನ್ನದೇ.

ಕೆಲವು ವರ್ಷಗಳ ಮೇಲೆ ಕೊಟ್ರಪ್ಪ ಮತ್ತೆ ಬೆಂಚಿಗೆ ಬಂದ, ಗಿರಾಕಿಯಾಗಿ. ಕೈ ಊನವಾದವರ ಮಾಸಾಶನಕ್ಕೆ ಅರ್ಜಿ ಬರೆಸಬೇಕಿತ್ತು. ಸರಸರನೆ ಬರೆದೆ. ಸಹಿಯ ಜಾಗದಲ್ಲಿ ಅವನು ಎಡಗೈ ಹೆಬ್ಬೆಟ್ಟು ಒತ್ತಿದ. ಹೆಬ್ಬೆಟ್ಟಿನ ಪಕ್ಕ ಬರಹಗಾರ ಒಂದು ಸಾಲು ಬರೆಯುವುದು ರೂಢಿ. ಅದನ್ನೂ ಬರೆದು ಕಾಗದ ಚಾಚಿದೆ. ಅವನು ಮೊದಲಿನಂತೆಯೇ ಗಟ್ಟಿಯಾಗಿ ಓದಿದ. ಕೊನೆಯ ಸಾಲಿಗೆ ಬಂದು ನಿಂತ. ತಡೆದು, ಅದನ್ನೂ ಓದಿದ: "ಓದು ಬರಹ ಬಾರದ ಕೊಟ್ರಪ್ಪನ ಹೆಬ್ಬೆಟ್ಟಿನ ಗುರುತು."

ಸಾವಿರ ಸಲ ಬರೆದ ಸಾಲು. ಕೈ ತಾನೇ ಬರೆದುಬಿಟ್ಟಿತ್ತು.

"ಎದ್ದು ಒಂದು ಸುತ್ತು ಅಡ್ಡಾಡಿ ಬಂದು ಓದಿದ್ರ ತಪ್ಪು ಸಿಕ್ಕತಿತ್ತಲೇ ನಿನಗ," ಎಂದ. ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಹೊಸ ಹಾಳೆಯಲ್ಲಿ ಬರೆದುಕೊಟ್ಟೆ. ಅವನು ಮತ್ತೊಮ್ಮೆ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡ.

ಈಗ ನಾನೂ ಪುಟಕ್ಕೊಮ್ಮೆ ಏಳುತ್ತೇನೆ. ಕೈ ಹಗುರಾಗುತ್ತದೆ, ತಪ್ಪು ಕಣ್ಣಿಗೆ ಬೀಳುತ್ತದೆ, ಅವನು ಹೇಳಿದ್ದು ಸುಳ್ಳಲ್ಲ. ತಿರುಗಿ ಬಂದು ಕೂತ ಮೇಲೆ ಪೆನ್ನಿನ ಮುಚ್ಚಳ ತೆಗೆಯಲು ಮಾತ್ರ ನನಗೆ ಬಹಳ ಹೊತ್ತು ಬೇಕು.