ಹೆಸರಿಲ್ಲದ ದೋಣಿ ತಾತ

ರಾಕ್‌ವಿಲ್‌ನ ನಮ್ಮ ಪಕ್ಕದ ಮನೆಯ ಜಿಮ್‌ಗೆ ಅವನ ಮುತ್ತಾತನ ಹೇಸರಗತ್ತೆಯ ಹೆಸರು ಕೂಡ ಗೊತ್ತು. ನನಗೆ ನನ್ನ ಹಿರಿಯನ ಹೆಸರೇ ಗೊತ್ತಿಲ್ಲ. ಇಬ್ಬರ ಹಿರಿಯರದೂ ಒಂದೇ ಕಸುಬು, ಕಾಲುವೆಯ ದೋಣಿ. ಜಿಮ್‌ನ ಮುತ್ತಾತ ಇಲ್ಲೇ ಪೊಟೊಮ್ಯಾಕ್ ನದಿಯ ಪಕ್ಕದ ಕಾಲುವೆಯಲ್ಲಿ, ದಂಡೆಯ ಮೇಲೆ ಹೇಸರಗತ್ತೆ ನಡೆಸಿ ಕಲ್ಲಿದ್ದಲಿನ ದೋಣಿ ಎಳೆಸುತ್ತಿದ್ದ. ನನ್ನ ಮುತ್ತಾತನ ಅಪ್ಪ ಮದರಾಸಿನ ಕಾಲುವೆಯಲ್ಲಿ ಪ್ರಯಾಣಿಕರ ದೋಣಿಗೆ ಅಡುಗೆಭಟ್ಟ. ಸಾರಿಗೆ ಉಪ್ಪು ಹಾಕುತ್ತಲೇ ಇರಲಿಲ್ಲವಂತೆ. ಸಮುದ್ರದ ನೀರು ನುಗ್ಗುವ ಆ ಕಾಲುವೆಯ ನೀರೇ ಅಷ್ಟು ಉಪ್ಪಂತೆ. ಅಪ್ಪ ಹೇಳಿದ್ದು ಇಷ್ಟೇ.

ಹೋದ ವರ್ಷ ಅಪ್ಪ ತೀರಿಕೊಂಡ ಮೇಲೆ ನನಗೆ ಈ ಹುಚ್ಚು ಹಿಡಿಯಿತು. ಮೈಸೂರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ.

"ವರ್ಷಾ ವರ್ಷಾ ಶ್ರಾದ್ಧದಲ್ಲಿ ನಿಮ್ಮಪ್ಪ ಆ ಹೆಸರು ಹೇಳ್ತಿದ್ರು ಕಣೋ. ನಾನು ಒಳಗೆ ವಡೆ ಕರೀತಿದ್ದೆ. ಎಣ್ಣೆ ಸದ್ದಲ್ಲಿ ಏನು ಕೇಳ್ಸತ್ತೆ?"

"ಪುರೋಹಿತರಿಗೆ ಗೊತ್ತಿರಬಹುದಾ?"

"ಅವರೂ ಹೋದ್ರಲ್ಲಪ್ಪಾ."

ನಾನೂ ಕೇಳಿಸಿಕೊಂಡಿರಲೇಬೇಕು. ಆದರೆ ಶ್ರಾದ್ಧದ ದಿನ ಮೂಗು ಎಚ್ಚರವಿದ್ದಷ್ಟು ಕಿವಿ ಎಚ್ಚರವಿರುವುದಿಲ್ಲ. ವಡೆಯ ವಾಸನೆ ಇವತ್ತಿಗೂ ನೆನಪಿದೆ, ಏನು ಬಂತು?

ಮಹಾಲಯ ಅಮಾವಾಸ್ಯೆಗೆ ಲ್ಯಾನ್‌ಹ್ಯಾಮ್‌ನ ದೇವಸ್ಥಾನಕ್ಕೆ ತರ್ಪಣ ಬಿಡಲು ಹೋದೆ. ಪುರೋಹಿತರು ಹೆಸರು ಕೇಳಿದರು: ತಂದೆ, ತಾತ, ಮುತ್ತಾತ. ಮೂರನ್ನೂ ಹೇಳಿದೆ.

"ಅವರಪ್ಪ ಒಬ್ರಿದ್ದಾರೆ, ಹೆಸರು ಮಾತ್ರ..." ಎಂದೆ.

"ಮೂರೇ ತಲೆಮಾರು ಸ್ವಾಮಿ. ನಿಮ್ಮ ತಂದೆ ಸೇರಿದ್ರಲ್ಲ, ಇನ್ನು ಅವರು ಬರಲ್ಲ."

ಅಪ್ಪ ಇರುವವರೆಗೆ ಆ ತಾತನೂ ಇದ್ದ. ವರ್ಷಕ್ಕೊಮ್ಮೆಯಾದರೂ ಅವನನ್ನು ಕೂಗಿ ಕರೆಯುವವರಿದ್ದರು. ಅಪ್ಪ ಹತ್ತಿದರು, ಅವನು ಇಳಿದ. ಕೊನೆಯಲ್ಲಿ ಯಾರೂ ಇಲ್ಲದವರಿಗೆಂದು ದರ್ಭೆ ಬಿಚ್ಚಿ ಬಿಡುವ ನೀರಿದೆಯಲ್ಲ, ಅದರಲ್ಲೇ ಪಾಲು ತಗೋ ಎಂದು ಮನಸ್ಸಿನಲ್ಲೇ ಅಂದೆ. ಮನೆತುಂಬ ಮೊಮ್ಮಕ್ಕಳಿದ್ದವನನ್ನು ಅನಾಥರ ಸಾಲಿನಲ್ಲಿ ನಿಲ್ಲಿಸಿ ಬಂದೆ. ದುಃಖವಾಯಿತು, ನಾಚಿಕೆಯೂ ಆಯಿತು. ಮುಂದೊಂದು ದಿನ ನಾನೂ ಅಲ್ಲೇ ನಿಲ್ಲಬೇಕಾದವನು. ಆಗ ದರ್ಭೆ ಬಿಚ್ಚುವವರಾದರೂ ಯಾರಿರುತ್ತಾರೋ!

ಮನೆಗೆ ಬಂದು, ಆವತ್ತು ಸಾರು ನಾನೇ ಮಾಡುತ್ತೇನೆಂದೆ. ಮಗಳು ಒಂದು ತುತ್ತು ಬಾಯಿಗಿಟ್ಟು ಮುಖ ಕಿವಿಚಿದಳು.

"ಅಪ್ಪಾ, ನೋ ಸಾಲ್ಟ್! ಎವ್ರಿ ಟೈಮ್ ಮರೀತೀಯ!"

ನನ್ನ ಕೈ ತಟ್ಟೆಯಲ್ಲೇ ನಿಂತಿತು. ಹೆಸರಿಲ್ಲ, ಫೋಟೋ ಇಲ್ಲ, ತರ್ಪಣದಲ್ಲಿ ಜಾಗವೂ ಇಲ್ಲ. ಆದರೂ ಇದೊಂದು ಉಳಿದಿದೆಯಲ್ಲ ಎನ್ನಿಸಿತು.

"ಏನ್ರೀ ನೀವು," ಎಂದು ಹೆಂಡತಿ ಎದ್ದುಹೋಗಿ ಉಪ್ಪಿನ ಡಬ್ಬಿ ತಂದು, ಎಲ್ಲರ ಸಾರಿಗೂ ಹಾಕಿ ಕಲಸಿದಳು.