ನಾನು ಹಿಂದಿಯಲ್ಲಿ ಹೇಳದೆ ಬಿಟ್ಟ ಮಾತು

ಮುಂಬಯಿಯ ಪರೇಲಿನ ಒಂದು ಖಾಸಗಿ ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿ ನಾನು ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದೇನೆ. ನೆಲಮಾಳಿಗೆಯ ಕೋಣೆ, ಕಬ್ಬಿಣದ ಕಪಾಟುಗಳು, ರೋಗಿಗಳ ಹಳೆಯ ಫೈಲುಗಳು. ಕಾಗದದ ಮೇಲೆ ಒಮ್ಮೆ ಬಿದ್ದ ಮಾತು ಮನುಷ್ಯನನ್ನು ಸುಲಭಕ್ಕೆ ಬಿಡುವುದಿಲ್ಲ ಎನ್ನುವುದನ್ನು ನಾನು ಅಲ್ಲಿಯೇ ಕಲಿತೆ. ಯಾವತ್ತೋ ಒಬ್ಬ ಡಾಕ್ಟರು ಅವಸರದಲ್ಲಿ ಗೀಚಿದ ‘ಕುಡಿತದ ಅಭ್ಯಾಸವಿದೆ’ ಎಂಬ ಒಂದು ಸಾಲನ್ನು ಹಿಡಿದುಕೊಂಡು ವಿಮೆಯವರು ಎಷ್ಟೋ ವರ್ಷದ ಮೇಲೆ ಬಂದು ಕೆದಕುವುದನ್ನು ನೋಡಿದ್ದೇನೆ.

ಹಾಗಾಗಿ ನೋಟಿಸ್ ಬೋರ್ಡಿನಲ್ಲಿ ‘ಒತ್ತಡ ನಿರ್ವಹಣೆ: ಸಿಬ್ಬಂದಿಗೆ ಉಚಿತ ಸಲಹೆ, ಪ್ರತಿ ಬುಧವಾರ’ ಎಂಬ ಕಾಗದ ಕಂಡಾಗ ನನಗೆ ಮೊದಲು ಬಂದದ್ದು ಅನುಮಾನ. ನಮ್ಮ ಕೋಣೆಗೆ ಇನ್ನೊಂದು ಫ್ಯಾನ್ ಹಾಕಿಸಿ ಎಂದು ಕೇಳಿ ಕೇಳಿ ಸಾಕಾಗಿತ್ತು. ಅಂಥ ಆಡಳಿತಕ್ಕೆ ಈಗ ಇದ್ದಕ್ಕಿದ್ದಂತೆ ನಮ್ಮ ಮನಸ್ಸಿನ ಮೇಲೆ ಯಾಕೆ ಇಷ್ಟು ಕಾಳಜಿ? ಅದೇ ತಿಂಗಳು ಫೈಲುಗಳನ್ನು ಸ್ಕ್ಯಾನ್ ಮಾಡುವ ಯಂತ್ರಗಳೂ ಬಂದಿದ್ದವು. ನಾವು ಆರು ಜನರಿದ್ದೆವು. ಇನ್ನು ಇಬ್ಬರು ಸಾಕಂತೆ ಎಂಬ ಸುದ್ದಿ ಕ್ಯಾಂಟೀನಿನಲ್ಲಿ ಓಡಾಡುತ್ತಿತ್ತು. ಯಾರನ್ನು ಕಳಿಸುವುದೆಂದು ಆರಿಸಲಿಕ್ಕೆ ಇದೊಂದು ಉಪಾಯ ಎಂದು ನಾನು ತೀರ್ಮಾನಿಸಿಬಿಟ್ಟೆ.

ನಮಗೆಲ್ಲ ಒಂದು ಫಾರ್ಮ್ ಕೊಟ್ಟರು. ನಿದ್ದೆ ಹೇಗಿದೆ, ಸಿಟ್ಟು ಬರುತ್ತದೆಯೇ, ಕೆಲಸದಲ್ಲಿ ಮರೆವು ಇದೆಯೇ. ‘ನಿದ್ದೆ ಚೆನ್ನಾಗಿದೆ, ಸಿಟ್ಟಿಲ್ಲ, ಮರೆವಿಲ್ಲ’ ಎಂದು ಬರೆದುಕೊಟ್ಟೆ. ಅಕ್ಕಪಕ್ಕದವರಿಗೂ ಹಾಗೆಯೇ ಬರೆಯಲು ಹೇಳಿಕೊಟ್ಟೆ. ಅದರ ಹಿಂದಿನ ವಾರವಷ್ಟೇ ಚೆಂಬೂರಿನ ನಮ್ಮ ಹಲ್ಲಿನ ಡಾಕ್ಟರು ನನ್ನ ಬಾಯಿ ನೋಡಿ, “ನೀವು ನಿದ್ದೆಯಲ್ಲಿ ಹಲ್ಲು ಕಡಿಯುತ್ತೀರಿ. ದವಡೆ ಹಲ್ಲು ಸವೆದು ಹೋಗಿದೆ. ಏನಾದರೂ ಟೆನ್ಶನ್ ಇದೆಯಾ?” ಎಂದು ಕೇಳಿದ್ದರು. ಇಲ್ಲ ಎಂದಿದ್ದೆ. ನನ್ನ ಆಫೀಸಿನಲ್ಲಿ ಅವರಿಗೆ ಯಾರಾದರೂ ಪರಿಚಯದವರಿರಬಹುದೇ ಎಂದೂ ಒಂದು ಕ್ಷಣ ಅನಿಸಿತ್ತು. ಇವತ್ತು ಅದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಅನಿಸಿದ್ದು ನಿಜ.

ಆ ದಿನಗಳಲ್ಲಿಯೇ ಒಂದು ಮಧ್ಯಾಹ್ನ ಮಾವಶಿ ನನ್ನನ್ನು ಹುಡುಕಿಕೊಂಡು ಕೆಳಗೆ ಬಂದಳು. ವಾರ್ಡಿನಲ್ಲಿ ಕಸ ತೆಗೆದು, ರೋಗಿಗಳನ್ನು ಎತ್ತಿ ಕೂರಿಸಿ, ಟ್ರಾಲಿ ತಳ್ಳುವ ಹೆಂಗಸರನ್ನೆಲ್ಲ ನಮ್ಮಲ್ಲಿ ಮಾವಶಿ ಎಂದೇ ಕರೆಯುತ್ತಾರೆ. ಈಕೆ ವಿಜಯಪುರದ ಕಡೆಯವಳು, ಧಾರಾವಿಯಲ್ಲಿ ಮನೆ, ಗುತ್ತಿಗೆ ಕೆಲಸ. ಇಡೀ ಕಟ್ಟಡದಲ್ಲಿ ಕನ್ನಡ ಮಾತನಾಡಲು ಅವಳಿಗೆ ನಾನು, ನನಗೆ ಅವಳು. ಹನ್ನೊಂದನೆಯ ಮಹಡಿಯಿಂದ ಮೆಟ್ಟಿಲಿಳಿದು ಬಂದವಳ ಮುಖದಲ್ಲಿ ಬೆವರು ಸುರಿಯುತ್ತಿತ್ತು.

“ಅಕ್ಕಾರ, ಬುಧವಾರ ಸಲಹಾ ಕೊಡೋ ಬಾಯಾರ ಕಡೆ ನಂಗ ಹೋಗೂದೈತ್ರಿ. ನೀವೂ ಬರ್ರಿ, ನನ್ನ ಮಾತ ಹಿಂದ್ಯಾಗ ಹೇಳಾಕ.”

“ನಿಮಗೆ ಹಿಂದಿ ಬರ್ತದಲ್ಲ ಮಾವಶಿ?”

“ಕೆಲಸದ ಹಿಂದಿ ಬರತೈತ್ರಿ. ಒಳಗಿನ ಮಾತು ಹಿಂದ್ಯಾಗ ಬರಂಗಿಲ್ಲ.”

ಹೋಗಲೇಬೇಡಿ ಎಂದೆ. ನೀವು ಹೇಳಿದ್ದೆಲ್ಲ ಸಂಜೆಯೊಳಗೆ ಮೇಲಿನವರ ಮೇಜಿಗೆ ಹೋಗುತ್ತದೆ, ಗುತ್ತಿಗೆಯವರನ್ನು ತೆಗೆಯಲಿಕ್ಕೆ ಒಂದು ಮಾತು ಸಾಕು ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, “ಹೇಳ್ಲಿಲ್ಲಂದ್ರ ನಂಗ ಹುಚ್ಚ ಹಿಡಿತೈತ್ರಿ” ಎಂದಳು. ಅವಳು ಒಬ್ಬಳೇ ಹೋಗಿ ಎಲ್ಲ ಹೇಳಿಬಿಡುವುದಕ್ಕಿಂತ ನಾನೂ ಜೊತೆಗೆ ಹೋಗುವುದು ಒಳ್ಳೆಯದು ಎಂದುಕೊಂಡೆ.

ಸಲಹೆಗಾರ್ತಿ ಮೂವತ್ತರ ಆಸುಪಾಸಿನ ಹೆಣ್ಣುಮಗಳು, ತಗ್ಗಿದ ದನಿ. ಕೋಣೆಯಲ್ಲಿ ಮೂರು ಕುರ್ಚಿ, ಒಂದು ಮೇಜು, ಮೇಜಿನ ಮೇಲೆ ಮಗುಚಿಟ್ಟ ಫೋನ್. ನನ್ನ ಕಣ್ಣು ಆ ಫೋನಿನ ಮೇಲೆಯೇ ಇತ್ತು.

ಮಾವಶಿ ಹೇಳತೊಡಗಿದಳು. ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅವಳ ವಾರ್ಡಿನಲ್ಲಿದ್ದ ಹುಡುಗಿಯೊಬ್ಬಳು ತೀರಿಕೊಂಡಳು. ಶವವನ್ನು ಟ್ರಾಲಿಯ ಮೇಲೆ ಕೆಳಗೆ ತರುವಾಗ ಜೊತೆಗಿದ್ದ ವಾರ್ಡ್‌ಬಾಯ್ ಯಾವುದೋ ಸಹಿಗೆಂದು ಏಳನೇ ಮಹಡಿಯಲ್ಲಿ ಇಳಿದ. ಬಾಗಿಲು ಮುಚ್ಚಿಕೊಂಡಿತು. ಎರಡು ಮಹಡಿಗಳ ನಡುವೆ ಲಿಫ್ಟ್ ನಿಂತುಹೋಯಿತು.

“ಅರ್ಧಾ ತಾಸು ನಾನು, ಆಕಿ, ಇಬ್ಬರ. ಮುಂಜಾನೆ ನಾನ ಆಕಿ ಹೆಳಲ ಹಾಕಿದ್ದೆ. ಹೆಳಲ ಟ್ರಾಲಿ ಬಾಜೂಕ ಜೋತ ಬಿದ್ದಿತ್ತ್ರಿ. ಲೈಟ್ ಹೋತು. ಅವತ್ತಿನಿಂದ ಲಿಫ್ಟ್ ಬಾಗಲಾ ಕಂಡ್ರ ಸಾಕು, ಎದಿ ಡವಡವ ಅಂತೈತಿ, ಕೈ ನಡಗತಾವು. ದಿನಾ ಹನ್ನೊಂದ ಮಾಳಿಗಿ ಹತ್ತಿ ಇಳಿತೀನ್ರಿ. ಯಾರಿಗೂ ಹೇಳಿಲ್ಲ.”

ಅವಳು ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದಳು. ಸಲಹೆಗಾರ್ತಿಯೂ ನೋಡಿದಳು. ಕೈ ನಡುಗುತ್ತದೆ, ಹೆದರಿಕೆಯಾಗುತ್ತದೆ ಎಂದು ಕಾಗದದ ಮೇಲೆ ಬಿದ್ದರೆ ಈಕೆಯನ್ನು ರೋಗಿಗಳ ಹತ್ತಿರ ಬಿಟ್ಟುಕೊಳ್ಳುತ್ತಾರೆಯೇ? ನಾನು ಹಿಂದಿಯಲ್ಲಿ, “ಕೆಲಸ ಜಾಸ್ತಿ ಮೇಡಂ. ಮೆಟ್ಟಿಲು ಹತ್ತಿ ಹತ್ತಿ ಮೊಣಕಾಲು ನೋಯುತ್ತಂತೆ” ಎಂದೆ.

ಸಲಹೆಗಾರ್ತಿಗೆ ಆಶ್ಚರ್ಯವಾಯಿತು. ಇಷ್ಟು ಹೊತ್ತು ಅಳುತ್ತಾ ಹೇಳಿದ್ದು ಮೊಣಕಾಲಿನ ನೋವೇ ಎಂಬಂತೆ ಮಾವಶಿಯನ್ನು ನೋಡಿದಳು. ಆದರೂ ಪೆನ್ ತೆಗೆದು, “ಹಾಗಾದರೆ ಮೆಟ್ಟಿಲು ಬೇಡವೇ ಬೇಡ. ಇವರು ಯಾವಾಗಲೂ ಲಿಫ್ಟಿನಲ್ಲೇ ಓಡಾಡಲಿ ಅಂತ ಸೂಪರ್‌ವೈಸರ್‌ಗೆ ಹೇಳುತ್ತೇನೆ” ಎಂದಳು.

ಮಾವಶಿಗೆ ಅಷ್ಟು ಹಿಂದಿ ಚೆನ್ನಾಗಿಯೇ ಅರ್ಥವಾಗುತ್ತಿತ್ತು.

“ಯಾಕ್ರೀ ಅಕ್ಕಾರ, ನಾ ಹೇಳಿದ್ದ ಯಾಕ ಹೇಳ್ಲಿಲ್ಲ ನೀವು?”

ಅವಳು ನನ್ನ ಕಡೆಯಿಂದ ಕುರ್ಚಿ ತಿರುಗಿಸಿಕೊಂಡು ತನ್ನ ಹರುಕು ಹಿಂದಿಯಲ್ಲಿ ತಾನೇ ಹೇಳಲು ಶುರುಮಾಡಿದಳು. ಹೆಳಲಿಗೆ ಹಿಂದಿಯ ಶಬ್ದ ಸಿಗದೆ ತನ್ನ ಜಡೆಯನ್ನೇ ಮುಂದೆ ತಂದು ತೋರಿಸಿದಳು. ಸಲಹೆಗಾರ್ತಿ ಪೆನ್ ಕೆಳಗಿಟ್ಟಳು. ಮಾವಶಿ ಹೇಳಿ ಮುಗಿಸುವವರೆಗೂ ಮತ್ತೆ ಎತ್ತಲಿಲ್ಲ. ನಾನು ಎದ್ದು ಹೊರಗೆ ಬಂದೆ.

ಮರುವಾರ ಹನ್ನೊಂದನೆಯ ಮಹಡಿಯಲ್ಲಿ ಮಾವಶಿ ಇರಲಿಲ್ಲ. ಅವಳ ಜಾಗದಲ್ಲಿ ಹೊಸಬಳು. ಕೇಳಿದರೆ ಗೊತ್ತಿಲ್ಲ ಎಂದಳು. ಫೋನ್ ಮಾಡಿದೆ, ಸ್ವಿಚ್ ಆಫ್. ನಾನು ಹೇಳಿದ್ದೇ ಆಯಿತು ಎಂದುಕೊಂಡೆ. ಆ ಎಣಿಕೆಯಲ್ಲಿ ಸಂಕಟದ ಜೊತೆ ಒಂದು ಚೂರು ಗೆಲುವೂ ಇತ್ತು. ಬುಧವಾರ ನೇರವಾಗಿ ಸಲಹೆಗಾರ್ತಿಯ ಕೋಣೆಗೆ ನುಗ್ಗಿದೆ.

“ನೀವು ಮೇಲೆ ಹೇಳಿಬಿಟ್ಟಿರಿ. ಅವಳ ಕೆಲಸ ಹೋಯಿತು.”

“ಅವರ ವಿಷಯ ನಿಮ್ಮ ಹತ್ತಿರ ಮಾತನಾಡಲು ಆಗುವುದಿಲ್ಲ. ಅವರನ್ನೇ ಕೇಳಿ” ಎಂದಳು.

ಮುಚ್ಚಿಡುತ್ತಿದ್ದಾಳೆ, ಸಂಶಯವೇ ಇಲ್ಲ ಎಂದುಕೊಂಡು ಹೊರಟೆ. ಅವತ್ತು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಸಾಯನ್ ಸ್ಟೇಶನ್ನಿನಲ್ಲಿ ಇಳಿದು ಧಾರಾವಿಯ ಗಲ್ಲಿಗಳಲ್ಲಿ ಕೇಳುತ್ತ ಕೇಳುತ್ತ ಅವಳ ಮನೆ ಹುಡುಕಿದೆ. ಮಾವಶಿ ಹೊಸ್ತಿಲಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು.

“ಅಯ್ಯ, ಅಕ್ಕಾರ! ಏನ್ರಿ ಇಲ್ಲಿ?”

“ನಿಮ್ಮನ್ನ ತೆಗೆದುಹಾಕಿದ್ರಾ?”

“ಯಾರ ತೆಗದಾರ? ತಳಗ ಓಪಿಡಿಗೆ ಹಾಕ್ಯಾರ್ರಿ. ನಾನ ಕೇಳ್ಕೊಂಡೆ. ಮುಂಜಾನಿ ಡ್ಯೂಟಿ, ಮೂರಕ್ಕ ಸೂಟಿ ಆಗಿ ಮನಿಗೆ ಬರ್ತೀನಿ. ಫೋನ ಬಕೆಟ್ಟಿನ್ಯಾಗ ಬಿದ್ದ ಹಾಳಾತು.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಲ್ಲೇ ಕೂತೆ. ಅವಳು ಚಹಾ ಮಾಡಿಕೊಟ್ಟಳು. ಸಲಹೆಗಾರ್ತಿ ಸೂಪರ್‌ವೈಸರಿಗೆ ಏನು ಹೇಳಬೇಕು, ಏನು ಹೇಳಬಾರದು ಎಂದು ಮೊದಲು ಇವಳನ್ನೇ ಕೇಳಿದ್ದಳಂತೆ. ಲಿಫ್ಟ್ ಬಾಗಿಲು ಕಂಡು ಎದೆ ಹೊಡೆದುಕೊಂಡರೆ ನಿಂತಲ್ಲೇ ಎರಡೂ ಪಾದ ನೆಲಕ್ಕೆ ಊರಿ, ಸುತ್ತ ಕಾಣುವ ಸಾಮಾನುಗಳ ಹೆಸರನ್ನು ಒಂದೊಂದಾಗಿ ಕನ್ನಡದಲ್ಲೇ ಹೇಳಿಕೊಳ್ಳಲು ಕಲಿಸಿದ್ದಳಂತೆ. “ಬಕೆಟ್ಟು, ಕುರ್ಚಿ, ಗಡಿಯಾರ ಅಂತೀನ್ರಿ. ಎದಿ ಸಾವಕಾಶ ಇಳಿತೈತಿ” ಎಂದಳು. ಆಮೇಲೆ ಸೊಪ್ಪಿನಿಂದ ತಲೆಯೆತ್ತದೆ ಕೇಳಿದಳು: “ಅವತ್ತ ನೀವು ನನ್ನ ಸಲುವಾಗಿ ಅಂಜಿದ್ರೋ, ನಿಮ್ಮ ಸಲುವಾಗಿ ಅಂಜಿದ್ರೋ?”

ಕುರ್ಲಾದಲ್ಲಿ ಗಾಡಿ ಬದಲಿಸುವಾಗಲೂ ಆ ಪ್ರಶ್ನೆ ನನ್ನ ಜೊತೆಗಿತ್ತು. ಸಲಹೆಗಾರ್ತಿ ನನಗೆ ಕೂಡ ಅವಳ ವಿಷಯ ಬಿಟ್ಟುಕೊಡಲಿಲ್ಲವಲ್ಲ ಎಂಬುದು ಆಗ ಹೊಳೆಯಿತು.

ಮುಂದಿನ ಬುಧವಾರ ನಾನೇ ಹೋದೆ. ಅನುಮಾನ ಹೋಗಿರಲಿಲ್ಲ. ಫೋನ್ ಹೊರಗಿಡಿ ಎಂದೆ, ಇಟ್ಟಳು. ಏನೂ ಬರೆದುಕೊಳ್ಳಬೇಡಿ ಎಂದೆ, ಒಪ್ಪಿದಳು. ಫಾರ್ಮಿನಲ್ಲಿ ಸುಳ್ಳು ಬರೆದಿದ್ದೇನೆ ಎಂದಾಗ, “ಬಹಳ ಜನ ಹಾಗೇ ಬರೆದಿದ್ದಾರೆ” ಎಂದು ನಕ್ಕಳು. ದವಡೆಯಿಂದ ಶುರುಮಾಡಿದವಳು ಕತ್ತು ನೋವು, ಕ್ಯಾಂಟೀನಿನಲ್ಲಿ ಯಾರಾದರೂ ದನಿ ತಗ್ಗಿಸಿದರೆ ನನ್ನ ವಿಷಯವೇ ಎಂದು ಕಿವಿ ನಿಗುರುವುದು, ಎಲ್ಲ ಹೇಳಿದೆ. ಬುದ್ಧಿವಾದ ಹೇಳುತ್ತಾಳೆ ಎಂದು ಕಾಯುತ್ತಿದ್ದೆ. ಹೇಳಲಿಲ್ಲ. ಒಂದು ನೋಟುಬುಕ್ಕಿನ ಹಾಳೆಯನ್ನು ಎರಡು ಭಾಗ ಮಾಡಿ, ದಿನವೂ ಒಂದು ಕಡೆ ಕಣ್ಣಾರೆ ಕಂಡದ್ದು, ಇನ್ನೊಂದು ಕಡೆ ಅಂದುಕೊಂಡದ್ದು ಬರೆಯಿರಿ ಎಂದಳಷ್ಟೆ. ಯಾರಿಗೂ ತೋರಿಸಬೇಕಾಗಿಲ್ಲ ಎಂದಳು.

ಕನ್ನಡದಲ್ಲಿ ಬರೆದೆ, ಯಾರೂ ಓದಬಾರದೆಂದು. ಎರಡನೆಯ ಭಾಗ ಬೇಗ ಬೇಗ ತುಂಬುತ್ತಿತ್ತು. ಮೊದಲನೆಯದರಲ್ಲಿ ಕೆಲವು ದಿನ ಎರಡು ಸಾಲಿಗಿಂತ ಹೆಚ್ಚು ಇರುತ್ತಿರಲಿಲ್ಲ. ಹಾಗಂತ ಆ ಎರಡು ಸಾಲು ಸುಳ್ಳೂ ಆಗಿರಲಿಲ್ಲ. ಸ್ಕ್ಯಾನ್ ಯಂತ್ರ ಬಂದದ್ದನ್ನು ನಾನು ಕಂಡಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ವಿಭಾಗ ಒಡೆಯಿತು. ಇಬ್ಬರು ಪರೇಲಿನಲ್ಲೇ ಉಳಿದರು, ಇಬ್ಬರನ್ನು ಬಿಲ್ಲಿಂಗಿಗೆ ಹಾಕಿದರು, ಒಬ್ಬರು ತಾವಾಗಿಯೇ ಬಿಟ್ಟರು. ನನ್ನನ್ನು ಚೆಂಬೂರಿನ ಹತ್ತಿರದ ಗೋದಾಮಿಗೆ ವರ್ಗ ಮಾಡಿದರು. ಹಳೆಯ ಫೈಲುಗಳ ಮೂಟೆ ಅಲ್ಲಿಗೇ ಹೋಗುತ್ತಿತ್ತು. ಮೊದಲಿನ ನಾನಾಗಿದ್ದರೆ ವರ್ಗದ ಕಾಗದ ಮಡಚಿಕೊಂಡು ಹೋಗಿ ವರ್ಷಗಟ್ಟಲೆ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಅವತ್ತು ಮೇಲಧಿಕಾರಿಯ ಕೋಣೆಗೆ ಹೋಗಿ, “ನನ್ನನ್ನೇ ಯಾಕೆ ಸರ್? ಬುಧವಾರದ ಕೋಣೆಗೆ ಹೋಗುತ್ತಿದ್ದೆ ಅಂತಲೇ?” ಎಂದು ಕೇಳಿಬಿಟ್ಟೆ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಯಾವ ಕೋಣೆ? ನಿಮ್ಮ ಮನೆ ಅಲ್ಲೇ ಹತ್ತಿರ ಅಲ್ಲವಾ, ಅದಕ್ಕೇ” ಎಂದರು.

ಅರ್ಧ ನಂಬಿದೆ. ಉಳಿದರ್ಧಕ್ಕೆ ಇನ್ನೊಂದು ಪ್ರಶ್ನೆ ಕೇಳಬಹುದಿತ್ತು, ಕೇಳಲಿಲ್ಲ. ಥ್ಯಾಂಕ್ಸ್ ಸರ್ ಎಂದು ಹೇಳಿ ಹೊರಗೆ ಬಂದೆ. ಓಪಿಡಿಯ ಬಾಗಿಲಲ್ಲಿ ಮಾವಶಿ ಒಬ್ಬ ಅಜ್ಜನನ್ನು ಗಾಲಿಕುರ್ಚಿಯಲ್ಲಿ ಕೂರಿಸುತ್ತಿದ್ದಳು. ಕೈ ಬಿಡುವಾಗುವವರೆಗೆ ಕಾದು, ವರ್ಗವಾದ ಸುದ್ದಿಯನ್ನು ಮೊದಲು ಅವಳಿಗೇ ಹೇಳಿದೆ.